‘ಮಂಡ್ಯ’ ಎಂದು ಹೊಲಿಯಲು ಯಾವ ಅಂಡರ್‌ಲೇ?

ಮೆಷಿನ್ ಎಂಬ್ರಾಯಿಡರಿಯಲ್ಲಿ ಅಕ್ಷರದ ಸ್ಯಾಟಿನ್ ಹೊಲಿಗೆ (ಗೆರೆಯ ಅಗಲವನ್ನು ಅಡ್ಡಡ್ಡಲಾಗಿ ಒತ್ತೊತ್ತಾಗಿ ತುಂಬುವ ಹೊಲಿಗೆ) ಬೀಳುವುದಕ್ಕೆ ಮೊದಲು, ಬಟ್ಟೆಯನ್ನು ಅಡಿಯ ಬ್ಯಾಕಿಂಗ್ ಪೇಪರಿಗೆ ಹಿಡಿದು ನಿಲ್ಲಿಸಲು ಹಾಕುವ ವಿರಳವಾದ ಹೊಲಿಗೆಯೇ ಅಂಡರ್‌ಲೇ. ಮಂಡ್ಯದ ಕಬಡ್ಡಿ ತಂಡವೊಂದರ ಕಾಲರ್ ಟೀ ಶರ್ಟುಗಳ ಮೇಲೆ ಊರಿನ ಹೆಸರನ್ನು 25 ಮಿ.ಮೀ. ಎತ್ತರದಲ್ಲಿ ಹೊಲಿಯಬೇಕಾಗಿದ್ದುದರಿಂದ, 40ರ ದಪ್ಪದ ದಾರ, 75/11 ಅಳತೆಯ ಸೂಜಿ ಮತ್ತು 0.4 ಮಿ.ಮೀ. ಡೆನ್ಸಿಟಿಯನ್ನು (ಹೊಲಿಗೆಯ ಸಾಲುಗಳ ನಡುವಣ ಅಂತರವನ್ನು) ಬದಲಿಸದೆ ಮೂರು ಬಗೆಯ ಅಂಡರ್‌ಲೇಗಳನ್ನು ಅದೇ ಬಟ್ಟೆಯ ಮೇಲೆ ಹೊಲಿದು ನೋಡಿದೆ.

ಗೆರೆಯ ನಟ್ಟನಡುವೆ ಹೋಗಿ ಮರಳುವ ಸೆಂಟರ್ ರನ್ ಅಂಚುಗಳನ್ನು ಹಿಡಿಯುವುದಿಲ್ಲ. ಆದ್ದರಿಂದ ‘ಮ’ ಮತ್ತು ‘ಡ’ ಅಕ್ಷರಗಳ ಸುಮಾರು 3 ಮಿ.ಮೀ. ಅಗಲದ ಗೆರೆಗಳು, ಹಿಗ್ಗುವ ಬಟ್ಟೆಯನ್ನು ಸ್ಯಾಟಿನ್ ಒಳಕ್ಕೆ ಎಳೆದುಕೊಂಡ ಕಾರಣ, ಸಣಕಲಾಗಿ ಕಂಡವು. ಆದರೆ ಕೆಳಗಿನ ಯ ಒತ್ತು ಮಾತ್ರ ಅಚ್ಚುಕಟ್ಟಾಗಿ ಬಂದಿತು. ಅದರ ಗೆರೆಯ ಅಗಲ 1.5 ಮಿ.ಮೀ.ಗಿಂತ ಹೆಚ್ಚಿಲ್ಲ.

ಎರಡೂ ಅಂಚುಗಳ ಒಳಬದಿಯಲ್ಲೇ ಸಾಗುವ ಎಡ್ಜ್ ರನ್‌ನಲ್ಲಿ ಫಲ ತಿರುವುಮುರುವಾಯಿತು. ಅಗಲವಾದ ಗೆರೆಗಳ ಅಂಚು ಕತ್ತರಿಸಿದಂತೆ ನೇರ್ಪಾಗಿ ನಿಂತಿತು. ಒತ್ತಿನಲ್ಲಿ ಮಾತ್ರ ಅಂಡರ್‌ಲೇ ದಾರ ಹೊರಗೆ ಇಣುಕಿತು. ಇಲ್ಲಿ ಕನ್ನಡ ಲಿಪಿಯ ವಿಶೇಷ ತೊಡಕೊಂದಿದೆ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ನೇರ ಗೆರೆಗಳು ಹೇರಳವಾಗಿರುವುದರಿಂದ 2.5 ಮಿ.ಮೀ. ಉದ್ದದ ಅಡಿಹೊಲಿಗೆ ನಡೆದುಹೋಗುತ್ತದೆ. ನಮ್ಮ ಅಕ್ಷರಗಳೋ ಬಹುಪಾಲು ಬಳುಕುಗಳೇ. ಪ್ರತಿ ಹೊಲಿಗೆಯೂ ಬಳುಕನ್ನು ನೇರವಾಗಿ ಅಡ್ಡಹಾಯುವುದರಿಂದ, ಒಳ ಅಂಚಿನ ದಾರವು ಅಕ್ಷರದ ಪೊಳ್ಳು ಭಾಗಕ್ಕೆ ಚಾಚಿಕೊಳ್ಳುತ್ತದೆ. ಉದ್ದವನ್ನು 1.5 ಮಿ.ಮೀ.ಗೆ ಇಳಿಸಿದ ಮೇಲೆ ಈ ದೋಷ ಹೋಯಿತು.

ಮೂರನೆಯದಾದ, ಗೆರೆಯೊಳಗೆ ಅಂಕುಡೊಂಕಾಗಿ ಸಾಗುವ ಜಿಗ್‌ಜಾಗ್ ಅಕ್ಷರವನ್ನು ಎತ್ತಿ ತೋರಿಸುತ್ತದೆಂಬುದು ನಿಜವಾದರೂ, ಟೀ ಶರ್ಟಿಗೆ ಅದು ಭಾರವಾಯಿತು. ಅನುಸ್ವಾರದ ಸೊನ್ನೆಯಂತೂ ನಡುವಿನ ತೂತು ಮುಚ್ಚಿಕೊಂಡು ಗಂಟಾಯಿತು. ಟರ್ಕಿ ಟವೆಲಿನ ಮೇಲೆ ಮಾತ್ರ, ಎಡ್ಜ್ ರನ್‌ನೊಡನೆ ಜಿಗ್‌ಜಾಗ್ ಸೇರಿಸಿ, ಮೇಲೆ ನೀರಿನಲ್ಲಿ ಕರಗುವ ಹಾಳೆಯನ್ನು ಹಾಸಿ ಹೊಲಿದಾಗ, ಟವೆಲಿನ ದಾರದ ಕುಣಿಕೆಗಳೆಲ್ಲ ಅಡಗಿ ಅಕ್ಷರ ಮೇಲೆದ್ದಿತು. (ಮೈಸೂರು ರೇಷ್ಮೆಯ ಮೇಲೆ ಇಂಥ ಪ್ರಯೋಗಕ್ಕೆ ನಾನು ಕೈಹಾಕಲಿಲ್ಲ, ಹೊಲಿಗೆ ಬಿಚ್ಚಿದರೂ ಸೂಜಿಯ ಗುರುತು ಉಳಿಯುತ್ತದೆ.)

ಹೀಗಾಗಿ ಇಡೀ ಪದಕ್ಕೆ ಒಂದೇ ಅಂಡರ್‌ಲೇ ಕೊಡುವುದು ಕನ್ನಡಕ್ಕೆ ಒಗ್ಗುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಆಯ್ಕೆಯನ್ನು ಅಕ್ಷರದ ಎತ್ತರದಿಂದಲ್ಲ, ಗೆರೆಯ ಅಗಲದಿಂದ ನಿರ್ಧರಿಸಬೇಕು. ಮೆಷಿನ್ನಿಗೆ ಕೊಡುವ ಅಂತಿಮ ವಿನ್ಯಾಸದ ಫೈಲಿನಲ್ಲಿ ಪದವನ್ನು ಬಿಡಿಬಿಡಿಯಾಗಿ ಒಡೆದು, ‘ಮ’ ಮತ್ತು ‘ಡ’ಗಳಿಗೆ ಎಡ್ಜ್ ರನ್ನನ್ನೂ ಸೊನ್ನೆ ಹಾಗೂ ಒತ್ತಿಗೆ ಸೆಂಟರ್ ರನ್ನನ್ನೂ ಕೊಟ್ಟು, ಉಳಿದ ಎಳೆತವನ್ನು ಸರಿದೂಗಿಸಲು ಪುಲ್ ಕಾಂಪೆನ್ಸೇಷನ್ನನ್ನು (ಗೆರೆಯನ್ನು ಮೊದಲೇ ತುಸು ಅಗಲಿಸಿಡುವ ಅಳತೆಯನ್ನು) 0.3 ಮಿ.ಮೀ.ಗೆ ಇರಿಸಿದೆ.