ಪ್ರಿಯಸ್‌ನ 12 ವೋಲ್ಟ್ ಏರ್ಪಾಡು: ಕನ್ವರ್ಟರ್‌ಗೆ ಪೂರ್ತಿ ಅಂಕ, ಪುಟ್ಟ ಬ್ಯಾಟರಿಯ ಮೇಲೆ ಮಾತ್ರ ಒಂದು ಕಣ್ಣಿರಲಿ

ಟೊಯೋಟಾ ಪ್ರಿಯಸ್‌ನ ಬಾನೆಟ್ ಎತ್ತಿ ಆಲ್ಟರ್ನೇಟರ್ (ಎಂಜಿನ್ ತಿರುಗಿಸಿ ಕರೆಂಟ್ ಹುಟ್ಟಿಸುವ ಯಂತ್ರ) ಹುಡುಕಿದರೆ ಸಿಗುವುದಿಲ್ಲ. ಇದು ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟರೂ ಇರುವ ಹೈಬ್ರಿಡ್ ಕಾರು. 12 ವೋಲ್ಟಿನ ಸ್ಟಾರ್ಟರ್ ಮೋಟರೂ ಇಲ್ಲ. ಆದರೂ ಹೆಡ್‌ಲೈಟ್, ವೈಪರ್, ಪವರ್ ವಿಂಡೋ, ಇಸಿಯುಗಳು (ಕಾರಿನ ಪುಟ್ಟ ಕಂಪ್ಯೂಟರ್‌ಗಳು) ಎಲ್ಲವೂ ಬೇರೆ ಕಾರುಗಳಂತೆ 12 ವೋಲ್ಟ್‌ನಲ್ಲೇ ನಡೆಯುತ್ತವೆ. 2003ರ ಎರಡನೇ ಮತ್ತು 2009ರ ಮೂರನೇ ತಲೆಮಾರಿನ ಕಾರುಗಳಲ್ಲಿ ಈ ಏರ್ಪಾಡು ಹೇಗಿದೆ ಎಂಬುದನ್ನು ಇಲ್ಲಿ ನೋಡೋಣ.

ಕಾರನ್ನು ಓಡಿಸುವ ಮೋಟರ್‌ಗೆ ಕರೆಂಟ್ ಕೊಡುವ ದೊಡ್ಡ ಬ್ಯಾಟರಿಯಲ್ಲಿ ತಲಾ 7.2 ವೋಲ್ಟಿನ 28 ಮಾಡ್ಯೂಲ್‌ಗಳಿವೆ, ಒಟ್ಟು 201.6 ವೋಲ್ಟ್. ಇನ್ವರ್ಟರ್ ಪೆಟ್ಟಿಗೆಯೊಳಗಿನ ಡಿಸಿ-ಡಿಸಿ ಕನ್ವರ್ಟರ್ ಅದನ್ನು ಸುಮಾರು 14 ವೋಲ್ಟ್‌ಗೆ ಇಳಿಸುತ್ತದೆ. ಎಂಜಿನ್ ನಿಂತಿದ್ದರೂ ಇದರ ಕೆಲಸ ನಿಲ್ಲುವುದಿಲ್ಲ. ಸವೆಯಲು ಬೆಲ್ಟ್, ಬ್ರಷ್, ಬೇರಿಂಗ್ ಯಾವುದೂ ಇದರಲ್ಲಿಲ್ಲ. ಸಾಮಾನ್ಯ ಆಲ್ಟರ್ನೇಟರ್ ಸೊರಗುವುದೇ ಐಡ್ಲಿಂಗ್‌ನಲ್ಲಿ, ಅಂದರೆ ನಿಂತಲ್ಲೇ ಎಂಜಿನ್ ನಿಧಾನವಾಗಿ ಓಡುವಾಗ. ಇಲ್ಲಿ ಆ ತೊಂದರೆ ಬುಡಸಮೇತ ಹೋಗಿದೆ.

ಎಡವಟ್ಟಾಗುವುದು ಹಿಂಬದಿಯ ಮೂಲೆಯಲ್ಲಿ ಕೂತಿರುವ 12 ವೋಲ್ಟಿನ ಪುಟ್ಟ ಬ್ಯಾಟರಿಯಿಂದ. ಇಸಿಯುಗಳನ್ನು ಎಬ್ಬಿಸಿ, ದೊಡ್ಡ ಬ್ಯಾಟರಿಯ ಮೇನ್ ರಿಲೇಗಳನ್ನು (ಕರೆಂಟಿನಿಂದ ನಡೆಯುವ ಸ್ವಿಚ್‌ಗಳನ್ನು) ಎಳೆಯುವುದು ಇದೇ. ರಿಲೇ ಕೂಡದಿದ್ದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕರೆಂಟ್ ಹೊರಗೆ ಬಾರದು. ಎಂಜಿನ್ ತಿರುಗಿಸುವ ಭಾರ ಇದರ ಮೇಲಿಲ್ಲ, ಅದು ಮೋಟರ್-ಜನರೇಟರ್‌ನ ಕೆಲಸ. ಹಾಗಾಗಿ ಬೇರೆ ಕಾರುಗಳಲ್ಲಿ ಬೆಳಿಗ್ಗೆ ಕೇಳುವ ಆ ಎಳೆದಾಡುವ ಸದ್ದು ಇಲ್ಲಿ ಕೇಳುವುದೇ ಇಲ್ಲ. ಹಳೆಯ ಬ್ಯಾಟರಿ ಸದ್ದಿಲ್ಲದೆ ಸೊರಗುತ್ತಾ ಹೋಗಿ, ಒಂದು ದಿನ ರೆಡಿ ದೀಪ (ಕಾರು ಓಡಲು ಸಿದ್ಧ ಎನ್ನುವ ಗುರುತು) ಹತ್ತುವುದಿಲ್ಲ, ಬದಲಿಗೆ ಎಚ್ಚರಿಕೆಯ ದೀಪಗಳೆಲ್ಲ ಒಟ್ಟಿಗೆ ಬೆಳಗುತ್ತವೆ. ಆಗ ಹೈಬ್ರಿಡ್ ಬ್ಯಾಟರಿಯನ್ನು ಅನುಮಾನಿಸುವ ಮುಂಚೆ 12 ವೋಲ್ಟ್ ಅಳೆಯಿರಿ.

ರಾತ್ರಿಯಿಡೀ ನಿಂತ ಕಾರಿನ ಬಾನೆಟ್ ತೆಗೆದು, ಕೆಲವು ನಿಮಿಷ ಬಿಟ್ಟು, ಫ್ಯೂಸ್ ಪೆಟ್ಟಿಗೆಯ ಜಂಪ್ ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿಯಿರಿ. 12.6 ಅಥವಾ ಮೇಲಿದ್ದರೆ ಸರಿ. 12.4ಕ್ಕಿಂತ ಕೆಳಗಿದ್ದರೆ ಹೊರಗಿನ ಚಾರ್ಜರ್‌ನಿಂದ 4-5 ಆಂಪಿಯರ್‌ನಲ್ಲಿ ನಿಧಾನವಾಗಿ ತುಂಬಿಸಿ. ಪೂರ್ತಿ ತುಂಬಿಸಿಯೂ ಮರುದಿನ 12.2ಕ್ಕೆ ಇಳಿದರೆ ಬದಲಿಸುವ ಹೊತ್ತು ಬಂದಿದೆ. ರೆಡಿಯಲ್ಲಿ 13.8ರಿಂದ 14.5 ತೋರಿಸಬೇಕು. 12ರ ಆಸುಪಾಸಿನಲ್ಲೇ ಇದ್ದು ಇಳಿಯುತ್ತಿದ್ದರೆ ತಪ್ಪು ಕನ್ವರ್ಟರ್‌ನದ್ದು, ಅದರ ಫ್ಯೂಸ್‌ನದ್ದು ಅಥವಾ ವೈರ್‌ನದ್ದು.

ನಿಲ್ಲಿಸಿದ ಕಾರು 40 ಮಿಲಿಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ ಹತ್ತಿರ ಹತ್ತಿರ 1 ಆಂಪಿಯರ್-ಅವರ್ ಆಯಿತು. 45 ಆಂಪಿಯರ್-ಅವರ್‌ನ ಬ್ಯಾಟರಿ ಮೂರು ವಾರ ಕಳೆಯುವಷ್ಟರಲ್ಲಿ ಅರ್ಧ ಖಾಲಿ. ರೆಡಿ ಮಾಡದೆ ಹಾಡು ಕೇಳುತ್ತಾ ಕೂತರೆ ಇನ್ನೂ ಬೇಗ, ಏಕೆಂದರೆ ಆಗ ಕನ್ವರ್ಟರ್ ಎದ್ದಿರುವುದಿಲ್ಲ.

ಬದಲಿಸುವಾಗ ಎಜಿಎಂ ಮಾದರಿಯನ್ನೇ (ಆಮ್ಲವನ್ನು ಗಾಜಿನ ನಾರಿನ ಹಾಳೆಯಲ್ಲಿ ಹಿಡಿದಿಟ್ಟ ಬ್ಯಾಟರಿ) ಹಾಕಿ, ಗಾಳಿ ಹೊರಹೋಗುವ ಕೊಳವೆಯನ್ನು ಮರೆಯದೆ ಜೋಡಿಸಿ. ಬ್ಯಾಟರಿ ಇರುವುದು ಕ್ಯಾಬಿನ್ನಿನೊಳಗೆ, ಅದರ ಅನಿಲ ಜನರ ಪಕ್ಕದಲ್ಲಿ ನಿಲ್ಲಬಾರದು. ಬೇರೆ ಬ್ಯಾಟರಿಯಿಂದ ಜಂಪ್ ಕೊಡುವಾಗ ಪ್ಲಸ್ ಫ್ಯೂಸ್ ಪೆಟ್ಟಿಗೆಯ ಜಂಪ್ ಟರ್ಮಿನಲ್‌ಗೆ, ಮೈನಸ್ ಬಣ್ಣವಿಲ್ಲದ ಲೋಹಕ್ಕೆ. ಅದಲುಬದಲಾದರೆ ಮೇನ್ ಫ್ಯೂಸ್ ಹಾರುತ್ತದೆ, ಅದೃಷ್ಟ ಕೆಟ್ಟರೆ ಕನ್ವರ್ಟರೇ ಹೋಗುತ್ತದೆ.

ಹ್ಯುಂಡೈ ಮೊದಲ ಅಯಾನಿಕ್ ಹೈಬ್ರಿಡ್‌ನಲ್ಲಿ 12 ವೋಲ್ಟಿನ ಲಿಥಿಯಂ ಬ್ಯಾಟರಿಯನ್ನು ದೊಡ್ಡದರ ಜೊತೆಗೇ ಇಟ್ಟಿದೆ. ಚಾರ್ಜ್ ತೀರಾ ಇಳಿದರೆ ಅದು ತಾನಾಗಿ ಕಡಿದುಕೊಳ್ಳುತ್ತದೆ. ಸ್ಟೀರಿಂಗ್ ಎಡಕ್ಕಿರುವ ರೀಸೆಟ್ ಗುಂಡಿ ಒತ್ತಿ ಕೂಡಲೇ ಸ್ಟಾರ್ಟ್ ಮಾಡಿ, ಅರ್ಧ ಗಂಟೆಯಾದರೂ ಓಡಿಸಬೇಕು. ಬಹಳ ಜಾಣ ಯೋಚನೆ. ಪ್ರಿಯಸ್‌ನಲ್ಲೂ ಇಂಥದ್ದೊಂದು ಇರಬೇಕಿತ್ತು, ಕನಿಷ್ಠ ಡ್ಯಾಶ್‌ಬೋರ್ಡಿನಲ್ಲಿ ವೋಲ್ಟೇಜನ್ನಾದರೂ ನೇರವಾಗಿ ತೋರಿಸಬೇಕಿತ್ತು. ಎರಡನೇ ತಲೆಮಾರಿನ ಪರದೆಯ ಮರೆಯಲ್ಲಿ ಅದು ಇದೆ: ಡಿಸ್‌ಪ್ಲೇ ಗುಂಡಿ ಒತ್ತಿಹಿಡಿದು ಪಾರ್ಕಿಂಗ್ ದೀಪವನ್ನು ಮೂರು ಸಲ ಹಚ್ಚಿ ಆರಿಸಿದರೆ ಮೆನು ತೆರೆಯುತ್ತದೆ. ಆ ಹೊತ್ತಿಗೆ ಇಸಿಯುಗಳು ಎದ್ದಿರುವುದರಿಂದ ಅಲ್ಲಿನ ಅಂಕಿ ಮಲ್ಟಿಮೀಟರ್ ತೋರಿಸಿದ್ದಕ್ಕಿಂತ ಕಡಿಮೆಯೇ ಇರುತ್ತದೆ.