ಒಂದು ಪದ, ಮೂರು ತರಗತಿ: ಯಾವ ಪಿಜಿ ಯಾರಿಗೆ?

ನಾನು ಸೇರಿದ ಸ್ನಾತಕೋತ್ತರ (ಪಿಜಿ) ಕೋರ್ಸಿನಲ್ಲಿ ಒಂದು ಅನುಕೂಲ ಇತ್ತು. ಮೊದಲ ವರ್ಷ ಬೇರೆ ಬೇರೆ ವಿಭಾಗಗಳ ಪೇಪರ್ ತೆಗೆದುಕೊಳ್ಳಬಹುದು, ಎರಡನೇ ವರ್ಷಕ್ಕೆ ಒಂದನ್ನು ಆರಿಸಿಕೊಳ್ಳಬೇಕು. ನಾನು ಅಂತರರಾಷ್ಟ್ರೀಯ ಸಂಬಂಧ, ಪರಿಸರ ಕಾನೂನು, ಸಾಹಿತ್ಯ ಮೂರನ್ನೂ ತೆಗೆದುಕೊಂಡೆ. ಮೂರರಲ್ಲೂ ಓದುವುದು, ಬರೆಯುವುದೇ ಅಲ್ವಾ, ಅಂಥ ವ್ಯತ್ಯಾಸ ಏನಿರುತ್ತದೆ ಅಂದುಕೊಂಡಿದ್ದೆ. ವ್ಯತ್ಯಾಸ ಬಹಳ ಇದೆ. ಅದು ನನಗೆ ತಿಳಿದದ್ದು ಒಂದೇ ಒಂದು ಪದದಿಂದ.

2015ರ ಡಿಸೆಂಬರ್ 12. ಪ್ಯಾರಿಸ್ ಹವಾಮಾನ ಒಪ್ಪಂದದ ಕೊನೆಯ ಕರಡು ಎಲ್ಲರ ಕೈಯಲ್ಲಿತ್ತು. ಶ್ರೀಮಂತ ದೇಶಗಳು ಹಸಿರುಮನೆ ಅನಿಲಗಳ ಹೊರಸೂಸುವಿಕೆ ತಗ್ಗಿಸುವುದರಲ್ಲಿ ಮುಂದಾಳಾಗಿರುವ ಬಗ್ಗೆ 4ನೇ ವಿಧಿಯಲ್ಲಿ ‘ಶಲ್’ ಎಂದಿತ್ತು. ಅಂದರೆ ಮಾಡಲೇಬೇಕು. ಅಮೆರಿಕ ಒಪ್ಪಲಿಲ್ಲ. ಅದು ‘ಶುಡ್’ ಆಯಿತು. ಅಂದರೆ ಮಾಡಬೇಕಾದದ್ದು, ಆದರೆ ಕಟ್ಟುಪಾಡಿಲ್ಲ. ಇದನ್ನು ತಾಂತ್ರಿಕ ತಿದ್ದುಪಡಿ ಎಂದು ಸಭೆಗೆ ಓದಿ ಹೇಳಿದರು, ಒಪ್ಪಂದ ಅಂಗೀಕಾರವಾಯಿತು. ನಾನು ಈ ಒಂದು ಸಂಗತಿಯನ್ನೇ ಮೂರೂ ಪೇಪರ್‌ಗಳ ಅಸೈನ್‌ಮೆಂಟಿಗೆ ಆರಿಸಿಕೊಂಡೆ.

ಅಂತರರಾಷ್ಟ್ರೀಯ ಸಂಬಂಧದ ತರಗತಿಯಲ್ಲಿ ಬಂದ ಮೊದಲ ಪ್ರಶ್ನೆ, ‘ಯಾಕೆ?’ ‘ಶಲ್’ ಉಳಿದಿದ್ದರೆ ಒಪ್ಪಂದ ಅಮೆರಿಕದ ಮೇಲ್ಮನೆ ಸೆನೆಟ್ ಮುಂದೆ ಹೋಗಬೇಕಾದೀತು ಎಂಬ ಭಯ ಇತ್ತು. ಅಲ್ಲಿ ಮೂರರಲ್ಲಿ ಎರಡು ಪಾಲು ಮತ ಬೇಕು. 1997ರ ಕ್ಯೋಟೋ ಹವಾಮಾನ ಒಪ್ಪಂದಕ್ಕೆ ಸಹಿ ಹಾಕಿಯೂ ಅಮೆರಿಕ ಅದನ್ನು ಸೆನೆಟ್‌ಗೆ ಕಳಿಸಲೇ ಇಲ್ಲ. ಇಂಥ ಹಿನ್ನೆಲೆ ಹುಡುಕುವುದು ಇಲ್ಲಿನ ನಿಜವಾದ ಸುಖ. ಓದು ಮಾತ್ರ ಜಾಸ್ತಿ. ವಾರಕ್ಕೆ ನೂರೈವತ್ತು ಪುಟ ಬಂದೇ ಬರುತ್ತಿತ್ತು. ಬರೆಯುವುದು ಕಡಿಮೆ, ಎರಡು ಪುಟದ ಟಿಪ್ಪಣಿ ಅಷ್ಟೆ. ಆದರೆ ಆ ಎರಡು ಪುಟ ಬರೆಯಲು ಒಂದು ವಾರ ಹಿಡಿಯುತ್ತಿತ್ತು.

ಒಮ್ಮೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಣಕು ಸಭೆ ನಡೆಸಿದೆವು. ಹದಿನೈದು ಕುರ್ಚಿ. ಗೆಲ್ಲಲು 9 ಮತ ಬೇಕು, ಜೊತೆಗೆ 5 ಕಾಯಂ ಸದಸ್ಯರಲ್ಲಿ ಯಾರೂ ವಿಟೋ ಹಾಕಬಾರದು. ನನ್ನ ನಿರ್ಣಯಕ್ಕೆ 11 ಮತ ಬಂತು, ಒಂದು ವಿಟೋಗೆ ಬಿದ್ದುಹೋಯಿತು. ಆ ಹೊತ್ತಿನ ಅಸಹಾಯಕತೆ ಕಲಿಸಿದ್ದನ್ನು ಯಾವ ಪಠ್ಯವೂ ಕಲಿಸಲಿಲ್ಲ. ನನ್ನ ತಕರಾರು ಒಂದೇ. ಇಲ್ಲಿನ ಸಿದ್ಧಾಂತಗಳು ಆಗಿಹೋದದ್ದನ್ನು ಚೆನ್ನಾಗಿ ವಿವರಿಸುತ್ತವೆ. ಮುಂದೇನು ಅಂದರೆ ತಡವರಿಸುತ್ತವೆ. ಶೀತಲ ಸಮರ ಹಾಗೆ ಮುಗಿಯುತ್ತದೆ ಎಂದು ದೊಡ್ಡ ಸಿದ್ಧಾಂತಗಳು ಮೊದಲೇ ಹೇಳಿರಲಿಲ್ಲ.

ಕಾನೂನು ತರಗತಿಯಲ್ಲಿ ‘ಯಾಕೆ’ ಹಿಂದೆ ಸರಿಯಿತು. ‘ಈ ಪದ ಯಾರನ್ನು, ಎಷ್ಟರಮಟ್ಟಿಗೆ ಕಟ್ಟಿಹಾಕುತ್ತದೆ?’ ಎಂಬುದೇ ಪ್ರಶ್ನೆ. ನನ್ನ ಮೊದಲ ಪ್ರಬಂಧ ವಾಪಸ್ ಬಂತು. ‘ಇದು ನಿಮ್ಮ ಅಭಿಪ್ರಾಯ. ಆಧಾರ ಎಲ್ಲಿ?’ ಎಂದು ಅಂಚಿನಲ್ಲಿ ಬರೆದಿತ್ತು. ಬೇಜಾರಾಯಿತು, ಆದರೆ ಅಧ್ಯಾಪಕರು ಕೇಳಿದ್ದು ಸರಿಯಾಗಿಯೇ ಇತ್ತು. ಒಪ್ಪಂದವನ್ನು ಹೇಗೆ ಓದಬೇಕು ಎಂಬುದಕ್ಕೇ 1969ರ ವಿಯೆನ್ನಾ ಒಪ್ಪಂದದ 31ನೇ ವಿಧಿ ಇದೆ. ಪದದ ಸಾಮಾನ್ಯ ಅರ್ಥ, ಸಂದರ್ಭ, ಒಪ್ಪಂದದ ಉದ್ದೇಶ ಮೂರನ್ನೂ ಒಟ್ಟಿಗೆ ನೋಡಬೇಕು. ಹಾಗೆ ಓದಿದಾಗ ಇನ್ನೊಂದು ಕಂಡಿತು. ಅದೇ 4ನೇ ವಿಧಿಯ ಎರಡನೇ ಭಾಗದಲ್ಲಿ ‘ಶಲ್’ ಹಾಗೇ ಉಳಿದಿದೆ. ಪ್ರತಿ ದೇಶವೂ ತನ್ನ ಗುರಿಯನ್ನು ಸಿದ್ಧಪಡಿಸಿ ಸಲ್ಲಿಸಲೇಬೇಕು. ಗುರಿ ಮುಟ್ಟಲೇಬೇಕು ಎಂದು ಮಾತ್ರ ಎಲ್ಲೂ ಇಲ್ಲ! ಇದು ಗೊತ್ತಾದ ದಿನ ನನಗೆ ನಿದ್ದೆ ಬರಲಿಲ್ಲ.

ಸಾಹಿತ್ಯದ ತರಗತಿ ಎಲ್ಲಕ್ಕಿಂತ ನಿಧಾನ. ಹನ್ನೆರಡು ಜನ, ಒಂದು ಪುಟ, ಎರಡು ಗಂಟೆ. 1920ರ ದಶಕದಲ್ಲಿ ಕೇಂಬ್ರಿಜ್‌ನಲ್ಲಿ ವಿಮರ್ಶಕ ಐ.ಎ. ರಿಚರ್ಡ್ಸ್ ಕವಿಯ ಹೆಸರಿಲ್ಲದ ಕವಿತೆಗಳನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು ಓದಿಸಿದರು. ನಮ್ಮ ಅಧ್ಯಾಪಕರೂ ಅದೇ ದಾರಿ ಹಿಡಿದು, ನಾನು ತಂದ ಒಪ್ಪಂದದ ವಾಕ್ಯವನ್ನು ಹೆಸರು ಹೇಳದೆ ಹಲಗೆಯ ಮೇಲೆ ಬರೆದರು. ನಾನು ‘ಶುಡ್’ ಬಗ್ಗೆ ಮಾತಾಡಲು ತಯಾರಾಗಿ ಬಂದಿದ್ದೆ. ಹಿಂದೆ ಕೂತ ಗೆಳತಿಯೊಬ್ಬಳು ಅದರ ಪಕ್ಕದ ಪದಕ್ಕೆ ಬೆರಳು ತೋರಿಸಿದಳು. ‘ಮುಂದಾಳತ್ವವನ್ನು ಮುಂದುವರಿಸಬೇಕು ಅಂತಿದೆ. ಹಾಗಾದರೆ ಇಷ್ಟು ದಿನ ಮುಂದಾಳತ್ವ ವಹಿಸಿದ್ದರು ಅಂತ ಒಪ್ಪಿಕೊಂಡ ಹಾಗಾಯ್ತಲ್ಲ?’ ಅಂದಳು. ತರಗತಿ ಒಂದು ಕ್ಷಣ ಸುಮ್ಮನಾಯಿತು. ಎರಡು ವಿಭಾಗಗಳಲ್ಲಿ ತಿಂಗಳುಗಟ್ಟಲೆ ಅದೇ ವಾಕ್ಯ ಓದಿದ್ದೆ. ‘ಮುಂದುವರಿಸು’ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಆ ವರ್ಷದ ಅತ್ಯುತ್ತಮ ಗಳಿಗೆ ಯಾವುದು ಎಂದರೆ ಇದನ್ನೇ ಹೇಳುತ್ತೇನೆ.

ಹಾಗಿದ್ದೂ ನಾನು ಆರಿಸಿಕೊಂಡದ್ದು ಕಾನೂನು. ಓದಿದ್ದು ಹೊರಗಿನ ಬದುಕನ್ನು ಮುಟ್ಟಬೇಕು ಎಂಬ ಆಸೆ ನನಗೆ ಜಾಸ್ತಿ. 2019ರ ಡಿಸೆಂಬರ್‌ನಲ್ಲಿ ನೆದರ್‌ಲ್ಯಾಂಡ್ಸ್ ಸುಪ್ರೀಂ ಕೋರ್ಟ್ ತನ್ನ ಸರ್ಕಾರಕ್ಕೆ ಹೇಳಿತು: 2020ರ ಕೊನೆಗೆ ಹೊರಸೂಸುವಿಕೆ 1990ರ ಮಟ್ಟಕ್ಕಿಂತ ಕನಿಷ್ಠ ಶೇ 25ರಷ್ಟು ಇಳಿಯಬೇಕು. ಆ ತೀರ್ಪು ನಿಂತದ್ದು ಮಾನವ ಹಕ್ಕುಗಳ ಒಪ್ಪಂದವೊಂದರ ಎರಡು ವಿಧಿಗಳ ಓದಿನ ಮೇಲೆ.

ನೀವು ಆರಿಸುವ ಮುಂಚೆ ಕೆಲವು ವಿಷಯ ತಿಳಿದಿರಲಿ. ಕಾನೂನಿನ ಪಿಜಿಯಾದ ಎಲ್‌ಎಲ್‌ಎಂಗೆ ಸಾಮಾನ್ಯವಾಗಿ ಕಾನೂನು ಪದವಿ ಬೇಕು. ಅದಿಲ್ಲದವರು ಪರಿಸರ ಕಾನೂನು ಮತ್ತು ನೀತಿ ಎಂಬ ಹೆಸರಿನ ಎಂಎ, ಎಂಎಸ್ಸಿಗಳನ್ನು ಹುಡುಕಬೇಕು. ಅದರಿಂದ ವಕೀಲಿಕೆಯ ಸನ್ನದು ಸಿಗುವುದಿಲ್ಲ. ಅಂತರರಾಷ್ಟ್ರೀಯ ಸಂಬಂಧಕ್ಕೆ ಹೋಗುವವರು ಇನ್ನೊಂದು ಭಾಷೆಯನ್ನು ಈಗಲೇ ಶುರು ಮಾಡಿ, ಮುಂದೆ ಕೆಲಸಕ್ಕೆ ಬರುತ್ತದೆ. ಅಂಕಿಅಂಶದ ಪೇಪರ್ ಇದೆಯಾ ಅಂತಲೂ ನೋಡಿಕೊಳ್ಳಿ, ನನ್ನ ಸಹಪಾಠಿಗಳು ಹೆಚ್ಚು ಒದ್ದಾಡಿದ್ದು ಅದರಲ್ಲೇ. ಸಾಹಿತ್ಯದಲ್ಲಿ ತಿಂಗಳುಗಟ್ಟಲೆ ಒಬ್ಬರೇ ಕೂತು ಬರೆಯುವುದು ಇರುತ್ತದೆ. ಅದು ನಿಮಗೆ ಹಿತವಾ, ಹಿಂಸೆಯಾ ಎಂದು ಮೊದಲೇ ಕೇಳಿಕೊಳ್ಳಿ.

ನನ್ನ ಪ್ರೌಢಪ್ರಬಂಧ ಈಗ 1992ರ ಜೀವವೈವಿಧ್ಯ ಒಪ್ಪಂದದ ಮೇಲೆ ನಡೆಯುತ್ತಿದೆ. ಅದರಲ್ಲಿ ವಿಧಿಯ ಮೇಲೆ ವಿಧಿ ‘ಶಲ್’ ಎಂದು ಶುರುವಾಗಿ, ಮರುಕ್ಷಣವೇ ‘ಸಾಧ್ಯವಾದಷ್ಟು ಮತ್ತು ಸೂಕ್ತವೆನಿಸಿದಂತೆ’ ಎಂದು ಸಡಿಲವಾಗುತ್ತದೆ. ಈ ಸಡಿಲ ಯಾವ ಯಾವ ವಿಧಿಯಲ್ಲಿ ಇಲ್ಲ ಎಂದು ಒಂದೊಂದಾಗಿ ಗುರುತು ಹಾಕುತ್ತಿದ್ದೇನೆ. ಆ ಗೆಳತಿ ಭಾನುವಾರ ಬಂದು ಜೊತೆಗೆ ಕೂತು ಓದುತ್ತಾಳೆ.