ಪಿಸಿಕ್ವೆಸ್ಟ್, ಡಿಜಿಟ್: ಅಟ್ಟದಿಂದ ಇಳಿಸಿ ಮತ್ತೆ ಓದಿದಾಗ

ಶಿವಮೊಗ್ಗದ ಮನೆಯ ಅಟ್ಟದಲ್ಲಿ ಎರಡು ರಟ್ಟಿನ ಡಬ್ಬಗಳಿದ್ದವು. ಒಂದರ ತುಂಬ ಪಿಸಿಕ್ವೆಸ್ಟ್, ಇನ್ನೊಂದರ ತುಂಬ ಡಿಜಿಟ್. ಎರಡೂ ಇಂಗ್ಲಿಷಿನ ಕಂಪ್ಯೂಟರ್ ಪತ್ರಿಕೆಗಳು. ಪಿಸಿಕ್ವೆಸ್ಟ್ ಕೊಳ್ಳುತ್ತಿದ್ದವನು ನಾನು, ಡಿಜಿಟ್ ಕೊಳ್ಳುತ್ತಿದ್ದವನು ಪಕ್ಕದ ಬೀದಿಯ ಗೆಳೆಯ. ಹದಿನೈದು ದಿನಕ್ಕೊಮ್ಮೆ ಅದಲು ಬದಲು. ಅವನು ಕೆಲಸ ಹಿಡಿದು ಊರು ಬಿಟ್ಟಾಗ ತನ್ನ ಡಬ್ಬವನ್ನೂ ನಮ್ಮ ಅಟ್ಟಕ್ಕೇ ಏರಿಸಿ ಹೋದ. ಯಾವುದು ಮೇಲು ಎಂಬ ನಮ್ಮ ಜಗಳ ಮಾತ್ರ ಹಾಗೇ ಉಳಿದಿತ್ತು. ಈ ಸಲ ಮನೆಗೆ ಸುಣ್ಣ ಹೊಡೆಸುವಾಗ ಎರಡನ್ನೂ ಇಳಿಸಿ, 2001ರಿಂದ 2004ರವರೆಗಿನ ಸಂಚಿಕೆಗಳನ್ನು ತಿಂಗಳಿಗೆ ತಿಂಗಳು ಜೋಡಿಸಿಕೊಂಡು ಓದಿದೆ. ಪತ್ರಿಕೆಗಳ ಜೊತೆಗೆ ಬರುತ್ತಿದ್ದ ಸಿಡಿಗಳನ್ನೂ ಹಾಕಿ ನೋಡಿದೆ.

ವಯಸ್ಸಿನಲ್ಲಿ ಪಿಸಿಕ್ವೆಸ್ಟ್ ಹಿರಿಯ. ಸೈಬರ್‌ಮೀಡಿಯಾ ಅದನ್ನು ತಂದದ್ದು 1987ರಲ್ಲಿ. ಅದುವರೆಗೆ ಚಿಪ್ ಎಂಬ ಹೆಸರಿನಲ್ಲಿ ಬರುತ್ತಿದ್ದ ಪತ್ರಿಕೆ 2001ರಲ್ಲಿ ಡಿಜಿಟ್ ಆಯಿತು. ಗೆಳೆಯನ ಡಬ್ಬದ ತಳದಲ್ಲಿ ಚಿಪ್‌ನ ನಾಲ್ಕಾರು ಸಂಚಿಕೆಗಳೂ ಸಿಕ್ಕವು.

ಆಗ ನನಗೇ ಡಿಜಿಟ್ ಹೆಚ್ಚು ಇಷ್ಟ. ಕಾರಣ ಸಿಡಿ. ಫೋನ್ ಲೈನಿನಲ್ಲಿ ಇಂಟರ್ನೆಟ್ ತರುವ 56 ಕೆಬಿಪಿಎಸ್ ಮೋಡೆಮ್ ಇದ್ದ ಮನೆಯಲ್ಲಿ ಸೆಕೆಂಡಿಗೆ 5 ಕಿಲೋಬೈಟ್ ಬಂದರೆ ಅದೇ ದೊಡ್ಡದು. ಆ ಲೆಕ್ಕದಲ್ಲಿ 650 ಎಂಬಿಯ ಒಂದು ಸಿಡಿಯಷ್ಟು ಇಳಿಸಿಕೊಳ್ಳಲು 36 ಗಂಟೆಗೂ ಹೆಚ್ಚು ಬೇಕು, ಅಷ್ಟು ಹೊತ್ತು ಫೋನ್ ಬಿಲ್ಲೂ ಏರುತ್ತಿರಬೇಕು. ಹಾಗಾಗಿ ಗೇಮ್ ಡೆಮೊ, ಆ್ಯಂಟಿವೈರಸ್, ಡ್ರೈವರ್ ಎಲ್ಲವೂ ನಮಗೆ ಬರುತ್ತಿದ್ದದ್ದು ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಿಂದಲೇ. ಪತ್ರಿಕೆ ಬಂದ ದಿನ ಮೊದಲು ಸಿಡಿ, ಓದು ಆಮೇಲೆ.

ಈಗ ಆ ಸಿಡಿಗಳು ಹೇಗಿವೆ? ಮಲೆನಾಡಿನ ತೇವ ಕೆಲವನ್ನು ತಿಂದುಹಾಕಿದೆ; ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ತೂತುಗಳು ಕಾಣುತ್ತವೆ. ಉಳಿದವುಗಳನ್ನು ಲ್ಯಾಪ್‌ಟಾಪಿನೊಳಗೆ ವಿಂಡೋಸ್ 98ರ ವರ್ಚುವಲ್ ಮಷಿನ್, ಅಂದರೆ ಕಂಪ್ಯೂಟರಿನೊಳಗೊಂದು ನಕಲಿ ಕಂಪ್ಯೂಟರ್, ಮಾಡಿ ಓಡಿಸಿದೆ. ಡಿಜಿಟ್‌ನ ಮೆನು ತೆರೆದುಕೊಂಡಾಗ ನಿಜವಾಗಿಯೂ ಗಂಟಲು ಕಟ್ಟಿತು. ಆದರೆ ಒಳಗಿನ ಶೇರ್‌ವೇರ್‌ಗಳ, ಅಂದರೆ ಕೆಲವು ದಿನ ಬಳಸಿ ನೋಡಲು ಕೊಡುವ ತಂತ್ರಾಂಶಗಳ, ಗಡುವು ಎಂದೋ ಮುಗಿದಿದೆ. 3ಡಿ ಕಾರ್ಡ್ ಕೇಳುವ ಡೆಮೊಗಳು ವರ್ಚುವಲ್ ಮಷಿನ್ನಿನಲ್ಲಿ ಮೇಲೇಳಲಿಲ್ಲ. ಅರ್ಧ ಗಂಟೆಯಲ್ಲಿ ನೋಡುವುದೆಲ್ಲ ಮುಗಿದೇಹೋಯಿತು.

ಪಿಸಿಕ್ವೆಸ್ಟ್ ಸಿಡಿಯ ಕಥೆ ಬೇರೆ. ವಿಂಡೋಸ್‌ನ ಜಾಗದಲ್ಲಿ ಹಾಕಿಕೊಳ್ಳಬಹುದಾದ ಮುಕ್ತ ತಂತ್ರಾಂಶ ಲಿನಕ್ಸ್. 1996ರಲ್ಲಿ ಅದರ ಸ್ಲ್ಯಾಕ್‌ವೇರ್ ಎಂಬ ಆವೃತ್ತಿ ಕೊಟ್ಟು ಶುರುಮಾಡಿದ ಆ ಪತ್ರಿಕೆ, ಮುಂದೆ ರೆಡ್ ಹ್ಯಾಟ್ ಎಂಬ ಇನ್ನೊಂದು ಆವೃತ್ತಿಯ ಆಧಾರದ ಮೇಲೆ ತನ್ನದೇ ಪಿಸಿಕ್ಯೂಲಿನಕ್ಸ್ ಹೊರತಂದಿತು. ಇದರ ಹಿಂದೆ ನಮ್ಮ ಬೆಂಗಳೂರಿನವರೇ ಒಬ್ಬರಿದ್ದರು: ಅತುಲ್ ಚಿಟ್ನಿಸ್. ಇಂಟರ್ನೆಟ್ ಬರುವ ಮೊದಲೇ, ಫೋನ್ ಲೈನಿನ ಮೂಲಕ ಸಂದೇಶ ಹಂಚಿಕೊಳ್ಳುವ ಬುಲೆಟಿನ್ ಬೋರ್ಡ್ ನಡೆಸಿದವರು, 2001ರಲ್ಲಿ ಶುರುವಾದ ಲಿನಕ್ಸ್ ಬ್ಯಾಂಗಲೋರ್ ಸಮಾವೇಶದ ಹಿಂದೆ ನಿಂತವರು. 2013ರಲ್ಲಿ ತೀರಿಕೊಂಡರು. ಅವರ ಅಂಕಣ ಓದುತ್ತಿದ್ದಾಗ, ಬಸ್ ಹತ್ತಿದರೆ ಸಿಗುವ ಊರಿನವರೊಬ್ಬರು ನನ್ನ ಜೊತೆಗೇ ಮಾತಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಈಗ ಓದಿದರೂ ಹಾಗೇ ಅನ್ನಿಸಿತು.

ಪಿಸಿಕ್ಯೂಲಿನಕ್ಸ್ 7.1 ಹಾಕಿದೆ. ಗ್ರಾಫಿಕ್ಸ್ ಪರದೆ ಏಳಲಿಲ್ಲ, ಟೆಕ್ಸ್ಟ್ ಮೋಡಿನಲ್ಲೇ ಇನ್‌ಸ್ಟಾಲ್ ಮುಗಿಸಿದೆ. ಆಮೇಲೆ ಪತ್ರಿಕೆಯನ್ನು ತೊಡೆಯ ಮೇಲೆ ಹರಡಿಕೊಂಡು ಸ್ಕ್ವಿಡ್ ಪ್ರಾಕ್ಸಿ ಕೂರಿಸಲು ಹೊರಟೆ. ಒಂದೇ ಡಯಲ್-ಅಪ್ ಸಂಪರ್ಕವನ್ನು ನಾಲ್ಕು ಕಂಪ್ಯೂಟರಿಗೆ ಹಂಚುವ ಉಪಾಯ ಅದು. ಆಗಿನ ಸೈಬರ್ ಕೆಫೆಯವರಿಗೆ ಅನ್ನದ ದಾರಿ. ಸ್ಕ್ವಿಡ್ ಮೊದಲಿಗೆ ಎಲ್ಲರನ್ನೂ ತಡೆಯುತ್ತದೆ. ಅದರ ಸೆಟ್ಟಿಂಗ್ ಫೈಲಿನಲ್ಲಿ ಹಾಗೆ ತಡೆಯುವ ಸಾಲಿನ ಮೇಲೆ ನಮ್ಮ ನೆಟ್‌ವರ್ಕಿಗೆ ಅನುಮತಿ ಕೊಡುವ ಸಾಲನ್ನು ಸೇರಿಸಬೇಕು, ಕೆಳಗೆ ಸೇರಿಸಿದರೆ ಕೆಲಸಕ್ಕೆ ಬರುವುದಿಲ್ಲ. ಸೇರಿಸಿ, ನನ್ನ ಇವತ್ತಿನ ಬ್ರೌಸರಿಗೆ ಸ್ಕ್ವಿಡ್‌ನ ಬಾಗಿಲಾದ 3128ನೇ ಪೋರ್ಟ್ ತೋರಿಸಿದೆ. ಆವತ್ತಿನ ಪತ್ರಿಕೆ ಕೊಟ್ಟ ಸಿಡಿಯ ಮೂಲಕ ಈ ಬೆಳಗಿನ ಸುದ್ದಿ ಪರದೆಯ ಮೇಲೆ ಬಂತು! ಇಂಥದ್ದು ಡಿಜಿಟ್‌ನ ಯಾವ ಸಿಡಿಯಿಂದಲೂ ಆಗಲಿಲ್ಲ.

ಓದಿಗೆ ಬಂದರೆ ತಕ್ಕಡಿ ಇಷ್ಟು ಸಲೀಸಾಗಿ ಒಂದೇ ಕಡೆ ವಾಲುವುದಿಲ್ಲ. ಪಿಸಿಕ್ವೆಸ್ಟ್‌ನ ಕಚೇರಿ ನೆಟ್‌ವರ್ಕ್, ಸರ್ವರ್ ಲೇಖನಗಳಲ್ಲಿ ಬಹಳಷ್ಟು ಒಣಕಲು. ಆಗಲೂ ಪುಟ ಹಾರಿಸುತ್ತಿದ್ದೆ, ಈಗಲೂ ಹಾರಿಸಿದೆ. ಡಿಜಿಟ್ ಮನೆಮಂದಿಗಾಗಿ ಬರೆದ ಪತ್ರಿಕೆ. ಏನು ಕೊಳ್ಳಲಿ ಎಂದು ಕೇಳಿದವರಿಗೆ ಉತ್ತರ ಕೊಡುತ್ತಿದ್ದ ಏಜೆಂಟ್ 001 ಅಂಕಣವನ್ನು ಈ ಸಲ ಒಂದೂ ಬಿಡದೆ ಓದಿದೆ. ಅಲ್ಲಿ ಹೇಳಿದ ಯಾವ ಸಾಮಾನೂ ಇವತ್ತು ಅಂಗಡಿಯಲ್ಲಿಲ್ಲ, ಸರಿ. ಆದರೆ ಒಂದು ಕಂಪ್ಯೂಟರಿಗಾಗಿ ಮನೆಯೊಂದು ಎಷ್ಟು ಲೆಕ್ಕ ಹಾಕುತ್ತಿತ್ತು ಎಂಬುದು ಆ ಪ್ರಶ್ನೆಗಳಲ್ಲಿ ಕಂಡಷ್ಟು ನಿಚ್ಚಳವಾಗಿ ನನಗೆ ಬೇರೆಲ್ಲೂ ಕಂಡಿಲ್ಲ. ಗೇಮ್ ವಿಮರ್ಶೆಗಳಲ್ಲೂ ಡಿಜಿಟ್‌ನದೇ ಕೈ ಮೇಲು. ಮುಂದೆ ಅದೇ ಬಳಗ ಗೇಮಿಗೆಂದೇ ಸ್ಕೋರ್ ಎಂಬ ಪತ್ರಿಕೆಯನ್ನೂ ತಂದಿತು.

ನನ್ನ ಸಂಕಟ ಒಂದಿದೆ. ಬ್ರಿಟನ್ನಿನಲ್ಲಿ 1984ರಲ್ಲಿ ಶುರುವಾದ ಕ್ರ್ಯಾಶ್, ಅದರ ಮರುವರ್ಷದ ಝ್ಯಾಪ್!64 ಎಂಬ ಕಂಪ್ಯೂಟರ್ ಗೇಮ್ ಪತ್ರಿಕೆಗಳನ್ನು ಅಲ್ಲಿನ ಓದುಗರೇ ಪುಟಪುಟವೂ ಸ್ಕ್ಯಾನ್ ಮಾಡಿ ಉಳಿಸಿಕೊಂಡಿದ್ದಾರೆ. ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಜಾಲ ಗ್ರಂಥಾಲಯದಲ್ಲಿ ಯಾರು ಬೇಕಾದರೂ ಓದಬಹುದು. ನಮ್ಮ ಪತ್ರಿಕೆಗಳಿಗೆ ಆ ಅಕ್ಕರೆ ಇನ್ನೂ ಸಿಕ್ಕಿಲ್ಲ. ಸ್ಕ್ಯಾನ್ ಸಿಕ್ಕರೂ ಜೊತೆಯ ಸಿಡಿ ಇರುವುದಿಲ್ಲ, ಸಿಡಿಯಿಲ್ಲದ ಪಿಸಿಕ್ವೆಸ್ಟ್ ಅರ್ಧ ಪತ್ರಿಕೆ. ಅದಕ್ಕೇ ಓದಲು ಬಂದ ಸಿಡಿಗಳನ್ನೆಲ್ಲ ಐಎಸ್‌ಒ ಫೈಲ್ (ಇಡೀ ಸಿಡಿಯ ಪಡಿಯಚ್ಚು) ಮಾಡಿ ಎರಡು ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದೇನೆ.

ಮತ್ತೆ ಕೈಗೆತ್ತಿಕೊಳ್ಳುವ ಪತ್ರಿಕೆ ಪಿಸಿಕ್ವೆಸ್ಟೇ ಎಂದು ಗೆಳೆಯನಿಗೆ ಫೋನ್ ಮಾಡಿ ಹೇಳಿದೆ. ಅವನು ಒಪ್ಪಲಿಲ್ಲ. ಡಿಜಿಟ್ ಸಂಚಿಕೆಯೊಂದರ ನಡುವೆ ಸಿಕ್ಕ ಅವನ ಗೆರೆಹಾಳೆಯ ಫೋಟೋ ಕಳಿಸಿದೆ. ಕಂಪ್ಯೂಟರ್ ಸಾಮಾನಿನ ಅಂಗಡಿಗಳ ಬೀದಿಯಾದ ಬೆಂಗಳೂರಿನ ಎಸ್.ಪಿ. ರೋಡಿಗೆ ಹೊರಡುವ ಮುನ್ನ ಪತ್ರಿಕೆ ನೋಡಿ ಬರೆದುಕೊಂಡ ಪಟ್ಟಿ: 128 ಎಂಬಿ ರ‍್ಯಾಮ್, 40 ಜಿಬಿ ಹಾರ್ಡ್ ಡಿಸ್ಕ್, 17 ಇಂಚಿನ ಮಾನಿಟರ್. 17ನ್ನು ಹೊಡೆದು ಪಕ್ಕದಲ್ಲಿ 15 ಎಂದು ಬೇರೆ ಇಂಕಿನಲ್ಲಿ ಬರೆದಿದೆ. ಅದು ಅವನ ಅಪ್ಪನ ಕೈಬರಹವಂತೆ. ಹಾಳೆಯನ್ನು ಅದೇ ಸಂಚಿಕೆಯೊಳಗಿಟ್ಟು ಡಬ್ಬವನ್ನೇ ಕಳಿಸಿಕೊಡು ಎಂದ. ನಾಳೆ ಪಾರ್ಸೆಲ್ ಮಾಡುತ್ತೇನೆ.